ನಿಮ್ಮ ಫೈಸಲ್ ಲೇಖನದ ಬಗ್ಗೆ

ನಮಸ್ಕಾರ.

ಸೌದಿ ಅರೇಬಿಯಾದ ದೊರೆ ಫೈಸಲ್ ಮುಸ್ಲಿಂ ಜಗತ್ತಿನಲ್ಲಿ ಬಿಟ್ಟುಹೋದದ್ದೇನು ಎಂಬ ನಿಮ್ಮ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಅದನ್ನು ಹಾಕಲು ಆಗುವುದಿಲ್ಲ. ಆದರೆ ಕೈಬಿಡಲೂ ಮನಸ್ಸಿಲ್ಲ. ಈ ವಿಷಯವನ್ನು ಇಷ್ಟು ಆಸೆಯಿಂದ ಕನ್ನಡದಲ್ಲಿ ಬರೆಯುವವರು ಕಡಿಮೆ. ಅದಕ್ಕೇ ಸ್ವಲ್ಪ ಉದ್ದವಾಗಿಯೇ ಹೇಳುತ್ತೇನೆ.

ಮೊದಲು ದೊಡ್ಡ ತಪ್ಪು. ಎರಡನೇ ಪುಟದಲ್ಲಿ ಫೈಸಲ್ ಅವರು ಮೊದಲ ಮಹಾಯುದ್ಧದಲ್ಲಿ ಬ್ರಿಟಿಷ್ ಅಧಿಕಾರಿ ಲಾರೆನ್ಸ್ ಜೊತೆ ಸೇರಿ ತುರ್ಕರ ಮೇಲೆ ಹೋರಾಡಿದರು ಎಂದಿದ್ದೀರಿ. ಅದು ಬೇರೆ ಫೈಸಲ್. ಮೆಕ್ಕಾದ ಷರೀಫ್ ಹುಸೇನರ ಮಗ, 1921ರಲ್ಲಿ ಇರಾಕಿನ ದೊರೆಯಾದವರು. ನಿಮ್ಮ ಫೈಸಲ್ ಹುಟ್ಟಿದ್ದು 1906ರಲ್ಲಿ. ಆ ಯುದ್ಧದ ಹೊತ್ತಿಗೆ ಇನ್ನೂ ಚಿಕ್ಕ ಹುಡುಗ. ಷರೀಫರ ಮನೆತನವನ್ನು ಹಿಜಾಜಿನಿಂದ, ಅಂದರೆ ಮೆಕ್ಕಾ, ಮದೀನಾ ಇರುವ ಸೀಮೆಯಿಂದ, ಓಡಿಸಿದ್ದೇ ಇವರ ತಂದೆ ಇಬ್ನ್ ಸೌದ್. 1926ರಲ್ಲಿ ಅದೇ ಹಿಜಾಜನ್ನು ತಂದೆಯ ಪರವಾಗಿ ನೋಡಿಕೊಳ್ಳಲು ಹೋದದ್ದು ಈ ಫೈಸಲ್. ಎದುರಾಳಿಯ ಸಾಹಸವನ್ನು ನೀವು ಇವರ ಹೆಸರಿಗೆ ಬರೆದುಬಿಟ್ಟಿದ್ದೀರಿ. ಇಂಥದ್ದೊಂದು ಕಣ್ಣಿಗೆ ಬಿದ್ದರೆ ಓದುಗರು ಉಳಿದದ್ದನ್ನೂ ನಂಬುವುದಿಲ್ಲ.

ಹೊಗಳಿಕೆ ಜಾಸ್ತಿಯಾಗಿದೆ. ಮೊದಲ ಪುಟದಲ್ಲೇ 'ಧೀಮಂತ', 'ಮಹಾನ್', 'ಅಪ್ರತಿಮ' ಮೂರೂ ಬಂದಿವೆ. ಮೂರನ್ನೂ ತೆಗೆಯಿರಿ. ನಿಮ್ಮ ಕೈಯಲ್ಲಿ ಅದಕ್ಕಿಂತ ಗಟ್ಟಿಯಾದದ್ದಿದೆ, ಆದರೆ ಅದು ಕೊನೆಯ ಪುಟದಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಫೈಸಲ್ ರಿಯಾದಿನ ಊದ್ ಸ್ಮಶಾನದಲ್ಲಿ ಹೆಸರಿಲ್ಲದ ಗೋರಿಯಲ್ಲಿ ಮಲಗಿದ್ದಾರೆ. ಆದರೆ ಪಾಕಿಸ್ತಾನದಲ್ಲಿ ಒಂದು ಇಡೀ ನಗರಕ್ಕೆ ಅವರ ಹೆಸರಿದೆ. ಬ್ರಿಟಿಷ್ ಅಧಿಕಾರಿಯೊಬ್ಬನ ಹೆಸರು ಹೊತ್ತಿದ್ದ ಲಾಯಲ್‌ಪುರ 1977ರಲ್ಲಿ ಫೈಸಲಾಬಾದ್ ಆಯಿತು. (ಭಗತ್ ಸಿಂಗ್ ಹುಟ್ಟಿದ್ದು ಅದೇ ಜಿಲ್ಲೆಯಲ್ಲಿ. ನಮ್ಮ ಓದುಗರಿಗೆ ಆ ಊರಿನ ಗುರುತು ಸಿಗುವುದು ಹಾಗೆ.) ಇಸ್ಲಾಮಾಬಾದಿನ ಮಾರ್ಗಲ್ಲ ಬೆಟ್ಟದ ಬುಡದಲ್ಲಿ ಸೌದಿ ಹಣದಿಂದ ಕಟ್ಟಿದ ಮಸೀದಿಗೂ ಅವರದೇ ಹೆಸರು. ಅದನ್ನು ವಿನ್ಯಾಸ ಮಾಡಿದವರು ಟರ್ಕಿಯ ವೇದತ್ ದಲೋಕಾಯ್. ಗುಮ್ಮಟವೇ ಇಲ್ಲ, ನೋಡಲು ಅರಬರ ಡೇರೆಯ ಹಾಗೆ. ಸ್ವಂತ ನೆಲದಲ್ಲಿ ಗುರುತಿಲ್ಲದ ಗೋರಿ, ಪರದೇಶದಲ್ಲಿ ಇಡೀ ಊರು. ಲೇಖನ ಇಲ್ಲಿಂದಲೇ ಶುರುವಾಗಬೇಕು ಅಲ್ವಾ?

ಇನ್ನು ಇಫ್ಫತ್. ಫೈಸಲರ ಪತ್ನಿಗೆ ನೀವು ಕೊಟ್ಟಿರುವುದು ಅರ್ಧ ಸಾಲು. ನನಗೆ ನಿಜಕ್ಕೂ ಬೇಸರವಾಯಿತು. ಇಸ್ತಾಂಬುಲ್‌ನಲ್ಲಿ ಬೆಳೆದ ಆಕೆ 1955ರಲ್ಲಿ ಜೆಡ್ಡಾದಲ್ಲಿ 'ದಾರ್ ಅಲ್ ಹನಾನ್' ಎಂಬ ಹೆಣ್ಣುಮಕ್ಕಳ ಶಾಲೆ ತೆರೆದರು. 1960ರಲ್ಲಿ ಸರ್ಕಾರವೇ ಹೆಣ್ಣುಮಕ್ಕಳ ಶಾಲೆಗಳನ್ನು ಶುರುಮಾಡಿತು. ಬುರೈದಾ ಊರಿನ ಗಂಡಸರು ಬೇಡವೆಂದು ತಿರುಗಿಬಿದ್ದರು. ಫೈಸಲ್ ಜಗ್ಗಲಿಲ್ಲ, ಶಾಲೆ ಉಳಿಯಿತು. ಆದರೆ ಆ ಶಾಲೆಗಳ ಆಡಳಿತ ಶಿಕ್ಷಣ ಇಲಾಖೆಗೆ ಹೋಗಲಿಲ್ಲ. ಧಾರ್ಮಿಕ ವಿದ್ವಾಂಸರ ಕೈಗೆ ಹೋಯಿತು, 2002ರವರೆಗೂ ಅಲ್ಲೇ ಇತ್ತು. ಬಾಗಿಲು ತೆರೆದವರೂ ಇವರೇ, ಬೀಗದ ಕೈಯನ್ನು ಇನ್ನೊಬ್ಬರಿಗೆ ಕೊಟ್ಟವರೂ ಇವರೇ. ಈ ಮನುಷ್ಯ ಅರ್ಥವಾಗಬೇಕಾದರೆ ಇದನ್ನು ಬಿಡಿಸಿ ಬರೆಯಲೇಬೇಕು.

ನೀವು ಬಿಟ್ಟಿರುವ ಇನ್ನೊಂದು ವಿಷಯ ಬಾಂಗ್ಲಾದೇಶ. 1969ರಲ್ಲಿ ಜೆರುಸಲೇಮಿನ ಅಲ್ ಅಕ್ಸಾ ಮಸೀದಿಗೆ ಬೆಂಕಿ ಬಿದ್ದಾಗ ಮೊರಾಕೊದ ರಬಾತ್‌ನಲ್ಲಿ ಮುಸ್ಲಿಂ ದೇಶಗಳನ್ನು ಒಟ್ಟುಗೂಡಿಸಿದ್ದನ್ನು ಚೆನ್ನಾಗಿ ಬರೆದಿದ್ದೀರಿ. ಆದರೆ 1971ರಲ್ಲಿ ಹುಟ್ಟಿದ ಬಾಂಗ್ಲಾದೇಶವೂ ಕೋಟ್ಯಂತರ ಮುಸ್ಲಿಮರ ದೇಶ. 1974ರ ಫೆಬ್ರವರಿಯಲ್ಲಿ ಮುಸ್ಲಿಂ ದೇಶಗಳ ಲಾಹೋರ್ ಸಮ್ಮೇಳನದ ಹೊತ್ತಿಗೆ ಪಾಕಿಸ್ತಾನವೇ ಅದಕ್ಕೆ ಮಾನ್ಯತೆ ಕೊಟ್ಟಿತು. ಫೈಸಲ್ ಆಗಲೂ ಕೊಡಲಿಲ್ಲ. ಸೌದಿ ಮಾನ್ಯತೆ ಬಂದದ್ದು 1975ರ ಆಗಸ್ಟ್‌ನಲ್ಲಿ, ಬಾಂಗ್ಲಾದೇಶದ ನಾಯಕ ಮುಜೀಬರ ಹತ್ಯೆಯಾದ ಮೇಲೆ. ಅಷ್ಟರಲ್ಲಿ ಫೈಸಲ್ ಕೂಡ ಇರಲಿಲ್ಲ. ಢಾಕಾದ ಓದುಗರೊಬ್ಬರು ನಿಮ್ಮ ಲೇಖನ ಓದಿದರೆ ಏನನ್ನಿಸೀತು ಎಂದು ಯೋಚಿಸಿ. ಮುಸ್ಲಿಂ ಜಗತ್ತು ಎಂದು ಬರೆದ ಮೇಲೆ ಅವರೂ ಅದರಲ್ಲಿದ್ದಾರೆ.

ಕೊಲೆಯ ದೃಶ್ಯದಲ್ಲಿ ನೀವು ಸೃಷ್ಟಿಸಿದ ಸಂಭಾಷಣೆ ಬೇಡ. 1975ರ ಮಾರ್ಚ್ 25, ರಿಯಾದ್, ಕುವೈತ್‌ನಿಂದ ಬಂದ ನಿಯೋಗ, ಬರಮಾಡಿಕೊಳ್ಳಲು ತಲೆ ಬಾಗಿಸಿದ ದೊರೆ, ಗುಂಡು ಹಾರಿಸಿದ ತಮ್ಮನ ಮಗ. ಇಷ್ಟೇ ಸಾಕು. ಆ ಹುಡುಗನ ಅಣ್ಣ ಟಿವಿ ಬೇಡವೆಂಬ ಗಲಾಟೆಯಲ್ಲಿ ಪೊಲೀಸರ ಗುಂಡಿಗೆ ಸತ್ತಿದ್ದ. ಅದನ್ನು ಸೇರಿಸಿ.

ತೈಲದ ಭಾಗದಲ್ಲಿ, ಇಸ್ರೇಲಿಗೆ ನೆರವಾದ ದೇಶಗಳಿಗೆ ತೈಲ ನಿಲ್ಲಿಸಿದ 1973ರ ನಿರ್ಬಂಧದ ಕಾರಣ ಸರಿಯಾಗಿದೆ. ಸುಮಾರು 3 ಡಾಲರ್ ಇದ್ದ ಪೀಪಾಯಿ 1974ರ ಶುರುವಿಗೆ 11 ಡಾಲರ್ ದಾಟಿತು ಎಂಬ ಲೆಕ್ಕವನ್ನೂ ಹಾಕಿ. ಆ ದುಡ್ಡಿನಿಂದಲೇ ಅಲ್ಲಿ ರಸ್ತೆ, ಬಂದರು, ಆಸ್ಪತ್ರೆಗಳು ಎದ್ದವು. ಕೆಲಸಕ್ಕೆ ಜನ ಬೇಕಾಯಿತು. ಭಟ್ಕಳದ ನಿಮ್ಮ ಚಿಕ್ಕಪ್ಪ ಸೌದಿಯ ದಮ್ಮಾಮಿಗೆ ಹೋದದ್ದು ಆ ಅಲೆಯಲ್ಲೇ. ಪತ್ರದಲ್ಲಿ ಅದನ್ನು ನನಗೆ ಹೇಳಿದ್ದೀರಿ, ಲೇಖನದಲ್ಲಿ ಯಾಕೆ ಇಲ್ಲ? ಅವರ ಜೊತೆ ಒಂದು ಸಂಜೆ ಕೂತು ಮಾತಾಡಿ. ಅವರ ಮೊದಲ ಸಂಬಳ ಎಷ್ಟು, ಯಾವ ಕಟ್ಟಡಕ್ಕೆ ಕೆಲಸ ಮಾಡಿದರು, ಅಲ್ಲಿನವರು ಫೈಸಲರ ಬಗ್ಗೆ ಏನು ಹೇಳುತ್ತಿದ್ದರು, ಎಲ್ಲ ಕೇಳಿ. ಆ ಒಂದು ಪುಟವನ್ನು ಮೊದಲು ನನಗೆ ಕಳಿಸಿ. ಉಳಿದದ್ದನ್ನು ಆಮೇಲೆ ಕೂಡಿಯೇ ತಿದ್ದೋಣ.