ವಾಲ್ ತೊರಾನ್ಸ್‌ನಂಥ ಎತ್ತರದ ಜಾಗದಲ್ಲಿ ಹೊಸಬರು ಸ್ಕೀಯಿಂಗ್ ಕಲಿಯಬಹುದೇ?

ನೀವು ಕೇಳಿರುವುದು ಇಷ್ಟು: ಮಾರ್ಚ್‌ನಲ್ಲಿ ಒಂದು ವಾರ ಫ್ರಾನ್ಸಿನ ವಾಲ್ ತೊರಾನ್ಸ್‌ಗೆ ಹೋಗಬೇಕೆಂದಿದ್ದೀರಿ, ಯಜಮಾನರಿಗೆ ಸ್ಕೀಯಿಂಗ್ ಚೆನ್ನಾಗಿ ಬರುತ್ತದೆ, ನಿಮಗೂ ಒಂಬತ್ತು ವರ್ಷದ ಮಗನಿಗೂ ಏನೇನೂ ಗೊತ್ತಿಲ್ಲ, ಎಲ್ಲರಿಗೂ ಒಂದೇ ಜಾಗ ಆಗಿಬರುತ್ತದೆಯೇ?

ಧಾರಾಳವಾಗಿ ಆಗುತ್ತದೆ. ಊರೇ 2,300 ಮೀಟರ್ ಎತ್ತರದಲ್ಲಿದೆ, ಹೊಸಬರ ಇಳಿಜಾರುಗಳು ಊರಿಗೆ ಅಂಟಿಕೊಂಡೇ ಇವೆ. ತಗ್ಗಿನ ಊರುಗಳಲ್ಲಿ ಮಾರ್ಚ್ ಮಧ್ಯಾಹ್ನದ ಹೊತ್ತಿಗೆ ಕಲಿಯುವವರ ಜಾಗದಲ್ಲೇ ಮೊದಲು ಹಿಮ ಕೆಸರಾಗುತ್ತದೆ, ಇಲ್ಲಿ ಆ ಕಾಟ ಕಡಿಮೆ. ಫ್ರಾನ್ಸಿನಲ್ಲಿ ಸ್ಕೀ ದಾರಿಗಳಿಗೆ ಹಸಿರು, ನೀಲಿ, ಕೆಂಪು, ಕಪ್ಪು ಎಂದು ಕಷ್ಟದ ಕ್ರಮದಲ್ಲಿ ಬಣ್ಣ ಕೊಟ್ಟಿರುತ್ತಾರೆ. ನೀವಿಬ್ಬರೂ ಹಸಿರಿನಲ್ಲೇ ಇರಿ, ನೀಲಿಗೆ ಯಾವಾಗ ಹೋಗಬೇಕೆಂದು ಮೇಷ್ಟ್ರು ಹೇಳಲಿ.

ಎತ್ತರದ ಮೊದಲ ತೊಂದರೆ ಉಸಿರಿನದು. ಅಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಮುಕ್ಕಾಲು ಪಾಲು ಮಾತ್ರ. ಮೊದಲ ರಾತ್ರಿ ನಿದ್ದೆ ಸರಿಯಾಗಿ ಬರದೆ ತಲೆ ಭಾರವಾದರೆ ಗಾಬರಿ ಬೇಡ. ನೀರು ಚೆನ್ನಾಗಿ ಕುಡಿಯಿರಿ, ಮೊದಲ ದಿನ ಅರ್ಧ ದಿನಕ್ಕೇ ನಿಲ್ಲಿಸಿ. ತಲೆನೋವಿನ ಜೊತೆ ವಾಂತಿಯೂ ಶುರುವಾದರೆ ಮಾತ್ರ ತಡಮಾಡದೆ ಕೆಳಗಿನ ಊರಿಗೆ ಇಳಿದು ಡಾಕ್ಟರಿಗೆ ತೋರಿಸಿ.

ಎರಡನೆಯದನ್ನು ಜನ ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ. ಅಷ್ಟೆತ್ತರದಲ್ಲಿ ಮರಗಳಿಲ್ಲ, ಹಾಗಾಗಿ ಮೋಡ ಇಳಿದರೆ ಆಕಾಶ, ನೆಲ ಎಲ್ಲ ಒಂದೇ ಬಿಳುಪು. ಎದುರಿಗಿರುವುದು ಉಬ್ಬೋ ತಗ್ಗೋ ತಿಳಿಯುವುದಿಲ್ಲ. ಬಿಸಿಲಿಗೆ ಎಸ್3 ಎಂಬ ಗಾಢ ಗಾಜಿನ ಕನ್ನಡಕ, ಮೋಡಕ್ಕೆ ಎಸ್1 ಎಂಬ ತಿಳಿ ಗಾಜಿನದು, ಎರಡೂ ಇರಲಿ. ದಾರಿಯಂಚಿನ ಕಂಬಗಳನ್ನು ಓದಲು ಮಗನಿಗೂ ಕಲಿಸಿ: ಇಳಿಯುವಾಗ ಬಲಗಡೆ ಬರುವ ಕಂಬದ ತುದಿಯಲ್ಲಿ ಕಿತ್ತಳೆ ಪಟ್ಟಿ ಇರುತ್ತದೆ, ಕಂಬದ ಮೇಲಿನ ಸಂಖ್ಯೆ ಕೆಳಗಿಳಿದಂತೆ ಕಡಿಮೆಯಾಗುತ್ತದೆ. ಬಿದ್ದವರನ್ನು ಹುಡುಕಲು ಬರುವವರಿಗೂ ದಾರಿಯ ಹೆಸರು, ಆ ಸಂಖ್ಯೆ ಹೇಳಿದರೆ ಸಾಕು.

ಹೊಸಬರ ವಾರ ಕೆಡುವುದು ಹೆಚ್ಚಾಗಿ ಬೂಟಿನಿಂದ. ಬಾಡಿಗೆ ಅಂಗಡಿಯಲ್ಲಿ ನೆಟ್ಟಗೆ ನಿಂತಾಗ ಹೆಬ್ಬೆರಳು ಮುಂದೆ ತಾಗಬೇಕು, ಮಂಡಿ ಬಗ್ಗಿಸಿದಾಗ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ತೆಳು ಸಾಕ್ಸ್ ಒಂದೇ ಜೊತೆ. ಎರಡು ಹಾಕಿದರೆ ರಕ್ತಸಂಚಾರ ಕಟ್ಟಿ ಕಾಲು ಇನ್ನಷ್ಟು ತಣ್ಣಗಾಗುತ್ತದೆ. ತೂಕ, ಎತ್ತರ, ಅನುಭವ ಕೇಳಿದಾಗ ನಿಜವನ್ನೇ ಹೇಳಿ. ಬಿದ್ದಾಗ ಸ್ಕೀ ಕಳಚಿಕೊಳ್ಳುವ ಬಿಗಿಯನ್ನು ಅದರ ಮೇಲೇ ಇಡುತ್ತಾರೆ. ಸ್ಕೀ ತೊಡುವ ಮುನ್ನ ಬೂಟಿನ ಅಡಿಗೆ ಮೆತ್ತಿದ ಹಿಮ ಕೆರೆದು ತೆಗೆಯಿರಿ, ಇಲ್ಲದಿದ್ದರೆ ಬೂಟನ್ನು ಸ್ಕೀಗೆ ಕಚ್ಚಿಸುವ ಹಿಡಿ ಸರಿಯಾಗಿ ಕೂರುವುದಿಲ್ಲ. ಇಳಿಜಾರಿನಲ್ಲಿ ಸ್ಕೀಯನ್ನು ಅಡ್ಡಕ್ಕೆ ಇಟ್ಟು, ಕೆಳಗಡೆಯ ಕಾಲಿನದನ್ನು ಮೊದಲು ತೊಡಿ.

ವೇಗ ತಗ್ಗಿಸಲು ಸ್ಕೀಗಳ ಮೂತಿ ಹತ್ತಿರ, ಬಾಲ ದೂರ. ಹೆದರಿದಾಗ ಮೈ ತಾನಾಗಿ ಹಿಂದಕ್ಕೆ ವಾಲುತ್ತದೆ. ಆಗ ಮುಂಭಾಗದ ಮೇಲೆ ಭಾರ ಬೀಳದೆ ಸ್ಕೀ ತಿರುಗುವುದೇ ಇಲ್ಲ, ವೇಗ ಏರುತ್ತದೆ. ಮೊಣಕಾಲಿನ ಕೆಳಗಿನ ಮೂಳೆ ಬೂಟಿನ ನಾಲಗೆಗೆ ಒತ್ತಿಕೊಂಡೇ ಇದೆಯೇ ಎಂದು ನೋಡಿಕೊಳ್ಳುತ್ತಿರಿ. ಇದನ್ನು ಯಜಮಾನರಿಂದ ಕಲಿಯಬೇಡಿ, ಶಾಲೆಗೆ ಸೇರಿ. ಗಂಡ ಹೆಂಡತಿಗೆ ಕಲಿಸಲು ಹೊರಟರೆ ಇಬ್ಬರ ರಜೆಯೂ ಹಾಳು ಎಂಬುದು ನನ್ನ ಖಚಿತ ಅಭಿಪ್ರಾಯ.

ಲಿಫ್ಟ್ ಹತ್ತಲು ಬೇಕಾದ ಪಾಸ್ ವಿಷಯದಲ್ಲಿ ದುಡ್ಡು ಉಳಿಸಬಹುದು. ವಾಲ್ ತೊರಾನ್ಸ್ ಮತ್ತು ಅಕ್ಕಪಕ್ಕದ ಕಣಿವೆಗಳು ಸೇರಿದ, 600 ಕಿಲೋಮೀಟರ್ ದಾರಿಗಳ ತ್ರ್ವಾ ವಾಲೇ ಪ್ರದೇಶದ ಪೂರ್ತಿ ಪಾಸ್ ಯಜಮಾನರಿಗೆ ಮಾತ್ರ ಸಾಕು. ಅವರು ಬೆಳಗ್ಗೆಯೇ 3,200 ಮೀಟರಿನ ಸೀಮ್ ಕಾರೋನ್ ಶಿಖರಕ್ಕೆ ಹತ್ತಿ ಕಪ್ಪು ದಾರಿಯಲ್ಲಿ ಇಳಿಯಲಿ; ಆದರೆ ಪಕ್ಕದ ಮೆರಿಬೆಲ್ ಕಡೆ ಹೋದರೆ ಹಿಂದಿರುಗುವ ಕೊನೆಯ ಲಿಫ್ಟ್‌ನ ಹೊತ್ತು ಬರೆದಿಟ್ಟುಕೊಳ್ಳಲಿ. ತಪ್ಪಿದರೆ ಕಣಿವೆ ಸುತ್ತಿ ಟ್ಯಾಕ್ಸಿಯಲ್ಲೇ ಬರಬೇಕು, ಬಿಲ್ಲು ದೊಡ್ಡದು. ಗುರುತು ಹಾಕಿದ ದಾರಿ ಬಿಟ್ಟು ಹೋಗುವುದಾದರೆ ಹಿಮ ಕುಸಿದು ಹೂತುಹೋದರೆ ಇರುವ ಜಾಗ ತಿಳಿಸುವ ಸಂಕೇತಯಂತ್ರ, ಸಲಿಕೆ, ಹಿಮದೊಳಗೆ ಚುಚ್ಚಿ ಹುಡುಕುವ ಶೋಧಕಡ್ಡಿ ಮೂರೂ ಬೇಕು, ಜೊತೆಗೆ ಬಲ್ಲವರು ಬೇಕು.

ದಾರಿಯಲ್ಲಿ ಪೆಟ್ಟಾಗಿ ಕೆಳಗೆ ಸಾಗಿಸಿದರೆ ಅದರ ಖರ್ಚು ನಿಮ್ಮದೇ. ಪಾಸ್ ಕೊಳ್ಳುವಾಗಲೇ ದಿನಕ್ಕೆ ಕೆಲವೇ ಯೂರೋ ಕೊಟ್ಟು ಕಾರ್ರೆ ನೇಜ್ ವಿಮೆಯನ್ನು ಮೂವರಿಗೂ ಸೇರಿಸಿಕೊಳ್ಳಿ.