ಮಲೆನಾಡಿನ ಜನ ನಕ್ಸಲರಿಗೆ ನಿಜವಾಗಿ ಬೆಂಬಲ ಕೊಟ್ಟಿದ್ದರಾ?

ನೀವು ಕೇಳಿದ್ದಕ್ಕೆ ಹೌದು ಅಥವಾ ಇಲ್ಲ ಅಂತ ಒಂದೇ ಮಾತಲ್ಲಿ ಹೇಳೋದು ಕಷ್ಟ. ನಮ್ಮೂರು ಕೊಪ್ಪ ತಾಲ್ಲೂಕಿನ ಕಾಡಂಚಿನಲ್ಲಿದೆ, ಅಲ್ಲಿ ಕಂಡಿದ್ದನ್ನು ಹೇಳುತ್ತೇನೆ.

ನಮ್ಮ ಕಡೆ ಒಂದು ಮನೆಯಿಂದ ಕೂಗಿದರೆ ಇನ್ನೊಂದು ಮನೆಗೆ ಕೇಳುವುದಿಲ್ಲ. ರಾತ್ರಿ ಎಂಟು ಗಂಟೆಗೆ ಬಂದೂಕು ಹಿಡಿದ ನಾಲ್ಕೈದು ಜನ ಜಗಲಿಗೆ ಬಂದು ಊಟ ಕೇಳಿದರೆ ಇಲ್ಲ ಅನ್ನೋಕಾಗುತ್ತಾ? ಚಿಕ್ಕಮ್ಮ ಅನ್ನ ಸಾರು ಬಡಿಸಿದರು. ಹೋಗುವಾಗ ಅಕ್ಕಿ, ಬೆಲ್ಲವನ್ನೂ ಕಟ್ಟಿಕೊಟ್ಟರು. ಎರಡು ದಿನ ಬಿಟ್ಟು ವಿಚಾರಣೆಗೆ ಬಂದ ಪೊಲೀಸರಿಗೆ ಅದೇ ಜಗಲಿಯಲ್ಲಿ ಕಾಫಿ ಕೊಟ್ಟರು. ಇದನ್ನು ಯಾರ ಬೆಂಬಲ ಅಂತೀರಿ?

ಹಾಗಂತ ಸಿಟ್ಟೇ ಇರಲಿಲ್ಲ ಅಂತಲ್ಲ. ಕುದುರೆಮುಖ ರಾಷ್ಟ್ರೀಯ ಉದ್ಯಾನ 1987ರಲ್ಲೇ ಘೋಷಣೆಯಾಗಿತ್ತು, 2001ರಲ್ಲಿ ಅಂತಿಮ ಅಧಿಸೂಚನೆ ಬಂತು. ತಲೆಮಾರುಗಳಿಂದ ಅಲ್ಲೇ ಇದ್ದ ಮಲೆಕುಡಿಯ, ಗೌಡಲು ಆದಿವಾಸಿಗಳಿಗೆ, ಸಣ್ಣ ರೈತರಿಗೆಲ್ಲ ಒಕ್ಕಲೆಬ್ಬಿಸುತ್ತಾರೆ ಅನ್ನೋ ಭಯ. ಅರ್ಧ ಎಕರೆ ಅಡಕೆ ತೋಟ ಕಾಡಿಗೆ ಅಪಾಯವಂತೆ. ಆದರೆ ಅದೇ ಗುಡ್ಡದಲ್ಲಿ ಕಬ್ಬಿಣದ ಅದಿರು ತೆಗೆಯೋದು 2005ರ ಕೊನೆವರೆಗೂ ನಡೀತು, ಅದೂ ಸುಪ್ರೀಂ ಕೋರ್ಟ್ ಹೇಳಿದ ಮೇಲೆ ನಿಂತಿದ್ದು! ಈ ಸಿಟ್ಟು ಇದ್ದಿದ್ದಕ್ಕೇ ನಕ್ಸಲರ ಮಾತನ್ನು ಕೂತು ಕೇಳುವವರು ಸಿಕ್ಕಿದರು. ಕೇಳಿದವರಲ್ಲಿ ಕೆಲವು ಹುಡುಗ ಹುಡುಗಿಯರು ಅವರ ಜೊತೆ ಕಾಡಿಗೂ ಹೋದರು.

2003ರ ನವೆಂಬರ್‌ನಲ್ಲಿ ಕಾರ್ಕಳದ ಈದುವಿನಲ್ಲಿ ಇಬ್ಬರು ಯುವತಿಯರು ಎನ್‌ಕೌಂಟರ್‌ನಲ್ಲಿ ಸತ್ತರು. 2005ರ ಫೆಬ್ರವರಿಯಲ್ಲಿ ನಮ್ಮದೇ ತಾಲ್ಲೂಕಿನ ಮೆಣಸಿನಹಾಡ್ಯದ ಹತ್ತಿರ ನಕ್ಸಲ್ ನಾಯಕ ಸಾಕೇತ್ ರಾಜನ್ ಸತ್ತರು. ವಾರ ಕಳೆಯೋದರೊಳಗೆ ಪಾವಗಡದ ವೆಂಕಟಮ್ಮನಹಳ್ಳಿಯ ಪೊಲೀಸ್ ಕ್ಯಾಂಪ್ ಮೇಲೆ ನಕ್ಸಲರ ದಾಳಿ. ಆಮೇಲೆ ಪೊಲೀಸರಿಗೆ ಸುಳಿವು ಕೊಟ್ಟರು ಅನ್ನೋ ಅನುಮಾನದ ಮೇಲೆ ನಕ್ಸಲರು ಊರವರನ್ನೇ ಕೊಂದರು ನೋಡಿ, ಇದ್ದ ಅಷ್ಟಿಷ್ಟು ಒಲವೂ ಅಲ್ಲಿಗೆ ಹೋಯಿತು ಅಂತ ನನಗನ್ನಿಸುತ್ತೆ. ಪೊಲೀಸರು ಕಾಡು ಜಾಲಾಡುವ ಕೂಂಬಿಂಗ್‌ಗಿಂತ ಅದೇ ಅವರಿಗೆ ಜಾಸ್ತಿ ಮುಳುವಾಯಿತು.

ಮುಂದಿನದ್ದು ನಿಮಗೂ ಗೊತ್ತಿರಬಹುದು. 2024ರ ನವೆಂಬರ್‌ನಲ್ಲಿ ಹೆಬ್ರಿ ಹತ್ತಿರದ ಕಬ್ಬಿನಾಲೆಯಲ್ಲಿ ನಕ್ಸಲ್ ನಾಯಕ ವಿಕ್ರಂ ಗೌಡ ಹತರಾದರು. 2025ರ ಜನವರಿ 8ರಂದು ಬೆಂಗಳೂರಿನಲ್ಲಿ ಮುಖ್ಯಮಂತ್ರಿ ಸಿದ್ದರಾಮಯ್ಯನವರ ಮುಂದೆ ಆರು ಜನ ನಕ್ಸಲರು ಶರಣಾದರು. ಅವತ್ತು ಟಿವಿ ನೋಡುತ್ತಾ ಚಿಕ್ಕಮ್ಮ ಒಂದು ಮಾತೂ ಆಡಲಿಲ್ಲ. ಈಗಲೂ ರಾತ್ರಿ ನಾಯಿ ಬೊಗಳಿದರೆ ಮೊದಲು ಕಿಟಕಿಯಿಂದ ಬ್ಯಾಟರಿ ಬಿಟ್ಟು ನೋಡುತ್ತಾರೆ, ಆಮೇಲೇ ಬಾಗಿಲು ತೆಗೆಯೋದು. ಕಾಡುಕೋಣದ ಭಯಕ್ಕೋ ಇನ್ಯಾರ ಭಯಕ್ಕೋ, ನಾನು ಕೇಳೋಕೆ ಹೋಗಿಲ್ಲ.