ಕರ್ನಾಟಕ ಶ್ರೀಮಂತ ರಾಜ್ಯ ಅಂತಾರೆ, ನಮ್ಮ ತಾಲ್ಲೂಕಲ್ಲಿ ಯಾಕೆ ಕಾಣಲ್ಲ?

ಕೆಎಎಸ್‌ಗೆ ಓದುತ್ತಿದ್ದೀರಿ. ತಲಾ ಆದಾಯದಲ್ಲಿ ಕರ್ನಾಟಕ ಮುಂಚೂಣಿಯಲ್ಲಿದೆ ಎಂದು ಪುಸ್ತಕ ಹೇಳುತ್ತದೆ, ನಿಮ್ಮ ತಾಲ್ಲೂಕಿನಲ್ಲಿ ಮಾತ್ರ ಆ ದುಡ್ಡು ಕಣ್ಣಿಗೆ ಬೀಳುತ್ತಿಲ್ಲ. ಯಾವುದನ್ನು ನಂಬಲಿ ಎಂದು ಕೇಳಿದ್ದೀರಿ. ಎರಡನ್ನೂ ನಂಬಿ. ನಾನು ಬ್ಯಾಂಕಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ಉಡುಪಿ ಕಡೆಯಿಂದ ಯಾದಗಿರಿ ಕಡೆಗೆ, ಅಲ್ಲಿಂದ ಬೆಂಗಳೂರಿಗೆ ವರ್ಗವಾಗುತ್ತ ಹೋದಾಗ ಒಂದೇ ರಾಜ್ಯದೊಳಗೆ ಮೂರು ರಾಜ್ಯ ನೋಡಿದ ಹಾಗಾಯಿತು.

ಪರೀಕ್ಷೆಗೆ ಬೇಕಾದ ಅಂಕಿಗಳನ್ನು ಮೊದಲು ಮುಗಿಸಿಬಿಡೋಣ. ವಿಸ್ತೀರ್ಣ 1,91,791 ಚದರ ಕಿ.ಮೀ., ದೇಶದಲ್ಲಿ ಆರನೆಯದು. 2011ರ ಗಣತಿಯಂತೆ ಜನಸಂಖ್ಯೆ 6.11 ಕೋಟಿ, ನಗರವಾಸಿಗಳು ಶೇ 38.67, ಸಾಕ್ಷರತೆ ಶೇ 75.36, ಸಾವಿರ ಗಂಡಸರಿಗೆ 973 ಹೆಂಗಸರು. ಆಮೇಲೆ 2021ರಲ್ಲಿ ಆಗಬೇಕಿದ್ದ ಗಣತಿ ಆಗಲೇ ಇಲ್ಲ, ಹಾಗಾಗಿ ಇವತ್ತಿಗೂ ಎಲ್ಲರೂ ಈ ಹಳೆಯ ಲೆಕ್ಕವನ್ನೇ ಉಜ್ಜುತ್ತಿದ್ದೇವೆ. ತಲಾ ಆದಾಯ ವರ್ಷಕ್ಕೆ 3 ಲಕ್ಷ ರೂಪಾಯಿ ದಾಟಿದೆ. ಜಿಎಸ್‌ಟಿ ಸಂಗ್ರಹದಲ್ಲಿ ಮಹಾರಾಷ್ಟ್ರದ ನಂತರ ನಾವೇ.

ಈಗ ಆ 3 ಲಕ್ಷವನ್ನು ಸ್ವಲ್ಪ ಬಿಚ್ಚಿ ನೋಡಿ. ರಾಜ್ಯದ ಒಟ್ಟು ಉತ್ಪನ್ನದಲ್ಲಿ ಮೂರನೇ ಒಂದಕ್ಕಿಂತ ಹೆಚ್ಚು ಪಾಲು ಬೆಂಗಳೂರು ನಗರ ಜಿಲ್ಲೆಯೊಂದರದೇ. ಅಲ್ಲಿನ ತಲಾ ಆದಾಯ ಕಲಬುರಗಿಯ ತಲಾ ಆದಾಯದ ಸುಮಾರು ಐದು ಪಟ್ಟು. ರಾಜ್ಯದ ಸರಾಸರಿಯನ್ನು ಮುಟ್ಟುವ ಜಿಲ್ಲೆಗಳು ಬೆರಳೆಣಿಕೆಯಷ್ಟು. ಉಳಿದವೆಲ್ಲ ಅದರ ಕೆಳಗೆ. ಊಟಕ್ಕೆ ಕೂತ ಹತ್ತು ಜನರಲ್ಲಿ ಒಬ್ಬನ ಎಲೆಗೆ ಹತ್ತು ಹೋಳಿಗೆ ಬಿದ್ದರೂ ತಲೆಗೊಂದು ಅಂತಲೇ ಲೆಕ್ಕ ಬರುತ್ತದಲ್ಲ, ಹಾಗೆ.

ಕಸುಬಿನ ಲೆಕ್ಕ ನೋಡಿದರೂ ಇದೇ ಕಥೆ. ಉತ್ಪನ್ನದ ಮೂರನೇ ಎರಡು ಭಾಗ ಬರುವುದು ಸೇವಾ ವಲಯದಿಂದ. ಕೃಷಿಯ ಪಾಲು ಶೇ 15ರ ಆಸುಪಾಸು. ಆದರೆ 2011ರಲ್ಲಿ ದುಡಿಯುವವರ ಪೈಕಿ ಸುಮಾರು ಶೇ 49 ಜನ ರೈತರು ಇಲ್ಲವೇ ಕೃಷಿ ಕೂಲಿಗಳು, ಅದರಲ್ಲೂ ಕೂಲಿಗಳೇ ಒಂದು ಕೈ ಹೆಚ್ಚು. ಅರ್ಧ ಜನ ಸೇರಿ ಚಿಕ್ಕ ತುಂಡನ್ನು ಹಂಚಿಕೊಳ್ಳುತ್ತಿದ್ದಾರೆ. ನಿಮ್ಮ ತಾಲ್ಲೂಕು ಇರುವುದು ಬಹುಶಃ ಆ ತುಂಡಿನಲ್ಲಿ.

ಕರಾವಳಿಯ ನಮ್ಮ ಶಾಖೆಯಲ್ಲಿ ಸಾಲ ಕೇಳಲು ಬರುವವರಿಗಿಂತ ಠೇವಣಿ ಇಡಲು ಬರುವವರೇ ಹೆಚ್ಚು. ಮಗ ಮುಂಬೈಯಲ್ಲಿ, ಅಳಿಯ ದುಬೈಯಲ್ಲಿ, ಅಮ್ಮ ಮಾತ್ರ ಕೊಡೆ ಹಿಡಿದುಕೊಂಡು ಎಫ್‌ಡಿ ನವೀಕರಿಸಲು ಕೌಂಟರಿನ ಮುಂದೆ. ಉಡುಪಿ ಜಿಲ್ಲೆಯಲ್ಲಿ ಸಾವಿರ ಗಂಡಸರಿಗೆ 1,094 ಹೆಂಗಸರು ಎಂದು ಗಣತಿಯಲ್ಲಿ ಓದಿದಾಗ ನನಗೇನೂ ಆಶ್ಚರ್ಯವಾಗಲಿಲ್ಲ, ನಮ್ಮ ಕ್ಯೂ ನೋಡಿದ್ದರೆ ಸಾಕಿತ್ತು. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ಕರ್ನಾಟಕ ಬ್ಯಾಂಕ್ ಎಲ್ಲವೂ ಹುಟ್ಟಿದ್ದು ಉಡುಪಿ, ದಕ್ಷಿಣ ಕನ್ನಡ ಈ ಎರಡು ಜಿಲ್ಲೆಗಳ ನೆಲದಲ್ಲಿ, 1906ರಿಂದ 1931ರೊಳಗೆ. ಶಾಲೆಯೂ ಬೇಗ ಬಂತು, ಊರು ಬಿಟ್ಟು ಹೋಗುವ ರೂಢಿಯೂ ಬೇಗ ಬಂತು.

ಯಾದಗಿರಿ ಕಡೆಯವರೂ ಊರು ಬಿಡುತ್ತಾರೆ, ಆದರೆ ಅದಕ್ಕೆ ಗುಳೆ ಎನ್ನುತ್ತಾರೆ. ಸುಗ್ಗಿ ಮುಗಿದು ಹೊಲದಲ್ಲಿ ಕೆಲಸ ಇಲ್ಲ ಅಂದ ಕೂಡಲೇ ಪಾತ್ರೆ, ಹಾಸಿಗೆ ಗಂಟು ಕಟ್ಟಿಕೊಂಡು ಬಸ್ ಹತ್ತುವುದು. ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸ, ಇಲ್ಲವೇ ಪುಣೆ, ಮುಂಬೈ. ಬೆಳೆ ಸಾಲದ ವಸೂಲಿಗೆ ಹೋದರೆ ಸಾಲು ಮನೆಗಳಿಗೆ ಬೀಗ, ಕಟ್ಟೆಯ ಮೇಲೆ ಮುದುಕರು. ಮಕ್ಕಳನ್ನೂ ಜೊತೆಗೇ ಕರೆದೊಯ್ದರೆ ಶಾಲೆಯ ಹಾಜರಿ ಏನಾಗುತ್ತದೆ, ನೀವೇ ಹೇಳಿ. ಯಾದಗಿರಿಯ ಸಾಕ್ಷರತೆ ಶೇ 51.83, ದಕ್ಷಿಣ ಕನ್ನಡದ್ದು ಶೇ 88.57. ಈ ಅಂತರ ನಿನ್ನೆ ಮೊನ್ನೆಯದಲ್ಲ. ಆ ಭಾಗ 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿತ್ತು, 1956ರಲ್ಲಿ ನಮ್ಮೊಡನೆ ಸೇರಿದಾಗಲೇ ಬಹಳ ಹಿಂದೆ ಇತ್ತು. ಹಳೇ ಮೈಸೂರಿನವರಿಗೆ ಅಷ್ಟರಲ್ಲಿ ಶಿವನಸಮುದ್ರದ ಕರೆಂಟು ಬಂದು ಐವತ್ತು ವರ್ಷ ದಾಟಿತ್ತು. ಬೆಂಗಳೂರಿಗೆ 1940ರಲ್ಲಿ ವಿಮಾನದ ಎಚ್‌ಎಎಲ್, 1948ರಲ್ಲಿ ಟೆಲಿಫೋನಿನ ಐಟಿಐ, 1954ರಲ್ಲಿ ಎಲೆಕ್ಟ್ರಾನಿಕ್ಸ್‌ನ ಬಿಇಎಲ್ ಕಾರ್ಖಾನೆ ಬಂದವು. ಇಂಜಿನಿಯರುಗಳು ಆಗಲೇ ಇದ್ದ ಊರನ್ನು ಹುಡುಕಿಕೊಂಡು ಸಾಫ್ಟ್‌ವೇರ್ ಬಂತೇ ಹೊರತು ತಂಪು ಹವೆ ನೋಡಿ ಬಂದದ್ದಲ್ಲ. ಹವೆಯ ಕಥೆಯನ್ನು ನಾನು ನಂಬುವುದಿಲ್ಲ, ಹಾಗಿದ್ದರೆ ಮಡಿಕೇರಿಗೆ ಹೋಗಬೇಕಿತ್ತು.

ಮಡಿಕೇರಿ ಅಂದಾಗ ನೆನಪಾಯಿತು. 2001ರಿಂದ 2011ರ ನಡುವೆ ರಾಜ್ಯದ ಜನಸಂಖ್ಯೆ ಶೇ 15.6 ಏರಿತು, ಬೆಂಗಳೂರು ನಗರ ಜಿಲ್ಲೆಯದು ಶೇ 47. ಕೊಡಗಿನದು ಹೆಚ್ಚುಕಡಿಮೆ ನಿಂತಲ್ಲೇ ನಿಂತಿತ್ತು, ಚಿಕ್ಕಮಗಳೂರಿನದು ಇಳಿದೇ ಹೋಯಿತು. ದೇಶದ ಕಾಫಿಯಲ್ಲಿ ಸುಮಾರು ಶೇ 70 ಬೆಳೆಯುವ ರಾಜ್ಯದಲ್ಲಿ, ಅದೂ ಕಾಫಿ ತೋಟಗಳ ಜಿಲ್ಲೆಗಳಲ್ಲೇ ಜನ ನಿಲ್ಲುತ್ತಿಲ್ಲ. ಇಡೀ ರಾಜ್ಯದ ಒಟ್ಟು ಫಲವಂತಿಕೆ ದರವೂ, ಅಂದರೆ ಒಬ್ಬ ಹೆಂಗಸಿಗೆ ಸರಾಸರಿ ಎಷ್ಟು ಮಕ್ಕಳು ಎಂಬ ಲೆಕ್ಕವೂ, 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ 1.7ಕ್ಕೆ ಬಂದಿದೆ. ಜನಸಂಖ್ಯೆ ಇದ್ದಷ್ಟೇ ಉಳಿಯಬೇಕಾದರೆ 2.1 ಬೇಕು.

ಇನ್ನು ನನಗೆ ನಿಜವಾಗಿ ಸಿಟ್ಟು ಬರುವ ವಿಷಯ. ಕೇಂದ್ರದ ತೆರಿಗೆ ಪಾಲು ಹಂಚುವಾಗ 15ನೇ ಹಣಕಾಸು ಆಯೋಗ 2021-26ರ ಅವಧಿಗೆ ಶೇ 45ರಷ್ಟು ತೂಕವನ್ನು ಆದಾಯದ ಅಂತರಕ್ಕೆ ಕೊಟ್ಟಿತು. ಅಂದರೆ ಮೇಲಿನ ಸಾಲಿನ ರಾಜ್ಯದ ತಲಾ ಆದಾಯಕ್ಕಿಂತ ನೀವು ಎಷ್ಟು ಕೆಳಗಿದ್ದೀರೋ ಅಷ್ಟು ಹೆಚ್ಚು ಪಾಲು. ಬಡ ರಾಜ್ಯಗಳಿಗೆ ಹೆಚ್ಚು ಹೋಗಲಿ, ಅದರಲ್ಲಿ ತಪ್ಪಿಲ್ಲ. ಆದರೆ ಅಲ್ಲಿ ಅಳೆದದ್ದು ರಾಜ್ಯದ ಸರಾಸರಿಯನ್ನು. ಬೆಂಗಳೂರಿನಿಂದಾಗಿ ಸರಾಸರಿ ಮೇಲೇರಿತು, ಕರ್ನಾಟಕದ ಪಾಲು ಶೇ 4.713ರಿಂದ ಶೇ 3.647ಕ್ಕೆ ಇಳಿಯಿತು. ಅದರ ಪೆಟ್ಟು ಬೆಂಗಳೂರಿನ ಐಟಿ ಕಂಪನಿಗೆ ಬೀಳಲಿಲ್ಲ. ರಾಜ್ಯದ ಖಜಾನೆಯನ್ನೇ ನೆಚ್ಚಿಕೊಂಡ ಸುರಪುರದ ಶಾಲೆಗೆ, ದೇವದುರ್ಗದ ಆಸ್ಪತ್ರೆಗೆ ಬಿತ್ತು. ಪಕ್ಕದ ಮನೆಯವನ ಸಂಬಳ ತೋರಿಸಿ ನಿಮ್ಮ ರೇಷನ್ ಕಾರ್ಡ್ ರದ್ದು ಮಾಡಿದ ಹಾಗೆ.

ಹಾಗಂತ ಎಲ್ಲವನ್ನೂ ದೆಹಲಿಯ ತಲೆಗೆ ಕಟ್ಟಬೇಡಿ. ಪ್ರಾದೇಶಿಕ ಅಸಮತೋಲನ ಅಳೆಯಲು ರಾಜ್ಯ ಸರ್ಕಾರವೇ ನೇಮಿಸಿದ್ದ ನಂಜುಂಡಪ್ಪ ಸಮಿತಿ 2002ರಲ್ಲೇ 175 ತಾಲ್ಲೂಕುಗಳಲ್ಲಿ 114 ಹಿಂದುಳಿದಿವೆ ಎಂದು ಪಟ್ಟಿ ಕೊಟ್ಟಿತ್ತು. ಅದರಲ್ಲಿ 59 ಉತ್ತರ ಕರ್ನಾಟಕದವು, 55 ದಕ್ಷಿಣದವು. ಅತ್ಯಂತ ಹಿಂದುಳಿದ 39ರಲ್ಲಿ ಮಾತ್ರ 26 ಉತ್ತರದವೇ. ಯಾದಗಿರಿ, ಕಲಬುರಗಿ ಇರುವ ಕಲ್ಯಾಣ ಕರ್ನಾಟಕಕ್ಕೆ ಸಂವಿಧಾನದ 371ಜೆ ವಿಧಿ ಸಿಕ್ಕಿತು, ಸೀಟು ಮತ್ತು ನೌಕರಿಯಲ್ಲಿ ಮೀಸಲಾತಿ ಬಂತು, ಅದರಿಂದ ಡಾಕ್ಟರಾದ ಹುಡುಗರನ್ನು ನಾನೇ ಕಂಡಿದ್ದೇನೆ. ಗುಳೆ ಬಸ್ಸುಗಳು ಮಾತ್ರ ನಿಂತಿಲ್ಲ.

ರಾಜ್ಯ ಸರ್ಕಾರ ಪ್ರತಿ ವರ್ಷ ತರುವ ಆರ್ಥಿಕ ಸಮೀಕ್ಷೆಯಲ್ಲಿ ಜಿಲ್ಲಾವಾರು ಆದಾಯದ ಕೋಷ್ಟಕ ಇರುತ್ತದೆ. ಅದರಲ್ಲಿ ಮೊದಲು ನಿಮ್ಮ ಜಿಲ್ಲೆಯ ಸಾಲು ಹುಡುಕಿ, ಆಮೇಲೆ ನಂಜುಂಡಪ್ಪ ಪಟ್ಟಿಯಲ್ಲಿ ನಿಮ್ಮ ತಾಲ್ಲೂಕು. ಯಾವ ಜಿಲ್ಲೆ ಅಂತ ಇಲ್ಲಿ ಬರೆದರೆ ಜೊತೆಗೇ ಕೂತು ನೋಡೋಣ, ನಿವೃತ್ತನಿಗೆ ಸಮಯಕ್ಕೇನು ಬರ.